ವಾಟರ್ ಪಾರ್ಕ್‌ಗೆ ಹೊರಡೋ ಮುಂಚೆ ಬ್ಯಾಗಿಂದ ಏನೇನ್ ತೆಗೀಬೇಕು

ನಾಳೆ ವಾಟರ್ ಪಾರ್ಕ್ ಅಂದ್ರೆ ಇವತ್ತು ರಾತ್ರಿ ಎಲ್ರೂ ಬ್ಯಾಗ್‌ಗೆ ಏನ್ ಹಾಕ್ಬೇಕು ಅಂತ ಮನೆ ತುಂಬಾ ಓಡಾಡ್ತಿರ್ತಾರೆ, ಟವೆಲ್ ಎಲ್ಲಿ, ಗಾಗಲ್ಸ್ ಎಲ್ಲಿ, ಹೋದ ಸಲದ ಪ್ಲಾಸ್ಟಿಕ್ ಚಪ್ಪಲಿ ಎಲ್ಲಿ ಅಂತ. ನಾನು ಮಾತ್ರ ಮೊದ್ಲು ಪರ್ಸು, ಕೀ ಗೊಂಚಲು, ಕೈಬೆರಳು, ಕತ್ತು ಇಷ್ಟನ್ನ ನೋಡ್ತೀನಿ, ಇದ್ರಲ್ಲಿ ಏನೇನ್ ಮನೇಲೇ ಬಿಟ್ಟು ಹೋಗ್ಬಹುದು ಅಂತ. ಬೇರೆ ಕಡೆ ಸುತ್ತಾಡೋಕೆ ಹೋದಾಗ ಬ್ಯಾಗ್ ಹೆಗಲ ಮೇಲೇ ಇರತ್ತೆ, ಜೇಬು ಇರತ್ತೆ. ಇಲ್ಲಿ ಹಂಗಲ್ಲ, ದಿನದ ಅರ್ಧ ಭಾಗ ಜೇಬೇ ಇಲ್ದಿರೋ ಬಟ್ಟೇಲಿ ನೀರೊಳಗೆ ಇರ್ತೀವಿ, ಅದೂ ಮನೆಯವರೆಲ್ಲಾ ಒಟ್ಟಿಗೆ.

ಹಂಗಾಗಿ ನಾವು ತಗೊಂಡ್ ಹೋಗೋ ಯಾವ ವಸ್ತುವಿಗಾದ್ರೂ ಅಲ್ಲಿ ಇರೋದು ಮೂರೇ ಜಾಗ: ನಮ್ಮ ಮೈಮೇಲೆ, ಲಾಕರ್ ಒಳಗೆ, ಇಲ್ಲಾ ನೀರಿಗೆ ಇಳೀದೆ ಒಣಗಿ ಕೂತಿರೋ ನಮ್ಮವರೊಬ್ರ ಕೈಲಿ. ಬ್ಯಾಗ್‌ಗೆ ಏನೇ ಹಾಕೋವಾಗ್ಲೂ ನಾನು ಸ್ಲೈಡ್ ಮೇಲಿರೋವಾಗ ಇದು ಎಲ್ಲಿರತ್ತೆ ಅಂತ ಕೇಳ್ಕೊಳ್ಳಿ. ಉತ್ತರ ಬರ್ಲಿಲ್ಲ ಅಂದ್ರೆ ಅದು ಮನೇಲೇ ಇರ್ಲಿ.

ಪರ್ಸಿಂದ ಶುರು ಮಾಡಿ. ಒಂದು ಕಾರ್ಡು, ಸ್ವಲ್ಪ ನಗದು, ವಯಸ್ಸು ತೋರ್ಸೋಕೆ ಬೇಕಾಗೋ ಒಂದು ಗುರುತಿನ ಚೀಟಿ, ಇಷ್ಟು ಸಾಕು. ಮಿಕ್ಕ ಕಾರ್ಡುಗಳು, ಆಫೀಸ್ ಐಡಿ, ಎಷ್ಟೋ ವರ್ಷದ ರಸೀದಿ ಎಲ್ಲಾ ತೆಗೆದು ಇಡಿ, ಯಾಕಂದ್ರೆ ಪರ್ಸ್ ಹೋದ್ರೆ ಅದ್ರಲ್ಲಿರೋ ದುಡ್ಡಿಗಿಂತ ಆಮೇಲೆ ಒಂದೊಂದೇ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತರ್ಸೋ ಅಲೆದಾಟನೇ ದೊಡ್ದು. ಕೆಲವು ಪಾರ್ಕ್‌ಗಳಲ್ಲಿ ಕೈಗೆ ಕಟ್ಟೋ ಬ್ಯಾಂಡ್‌ಗೇ ದುಡ್ಡು ತುಂಬಿಸ್ಕೊಂಡು ಒಳಗೆಲ್ಲಾ ಅದನ್ನೇ ತೋರಿಸಿ ಖರ್ಚು ಮಾಡೋ ವ್ಯವಸ್ಥೆ ಇರತ್ತೆ, ಇದ್ರೆ ಖಂಡಿತ ತಗೊಳ್ಳಿ, ಆದ್ರೆ ಉಳಿದ ದುಡ್ಡು ವಾಪಸ್ ಕೊಡ್ತಾರಾ, ಅವತ್ತೇ ಕೊಡ್ತಾರಾ ಅಂತ ಮೊದ್ಲೇ ಕೇಳ್ಕೊಳ್ಳಿ.

ಕೀ ಗೊಂಚಲಿಂದ ಮನೆ ಕೀ ಒಂದನ್ನ ಬಿಡಿಸ್ಕೊಳ್ಳಿ ಸಾಕು. ಕಾರಲ್ಲಿ ಹೋಗೋದಾದ್ರೆ ಆ ಕೀ ಬಗ್ಗೆ ಸ್ವಲ್ಪ ಜಾಸ್ತಿನೇ ಹುಷಾರು ಬೇಕು, ಈಗಿನ ಕಾರ್ ಕೀಗಳೊಳಗೆ ಬ್ಯಾಟರಿ, ಚಿಪ್ ಎಲ್ಲಾ ಇರತ್ತೆ, ಅದನ್ನ ಶಾರ್ಟ್ಸ್ ಜೇಬಲ್ಲಿ ಹಾಕ್ಕೊಂಡು ನೀರಿಗಿಳಿದ್ರೆ ಸಂಜೆ ಪಾರ್ಕಿಂಗಲ್ಲಿ ಕಾರ್ ಮುಂದೆ ನಿಂತ್ಕೊಂಡು ಬಟನ್ ಒತ್ತುತಾ ಇರ್ಬೇಕಾಗತ್ತೆ. ಸೀದಾ ಲಾಕರ್‌ಗೆ ಹೋಗ್ಲಿ, ಸಣ್ಣದೊಂದು ಜಿಪ್ ಕವರ್ ಒಳಗೆ. ಟೈರ್ ಮೇಲೆ ಬಚ್ಚಿಡೋದು, ಬಂಪರ್ ಹಿಂದೆ ಸಿಕ್ಕಿಸೋದು ಇವೆಲ್ಲಾ ಬೇಡ, ಕಾರ್ ಕದಿಯೋಕೆ ಬರೋರು ಮೊದ್ಲು ಕೈ ಹಾಕೋದೇ ಅಲ್ಲಿಗೆ.

ಒಡವೆ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ: ಹಾಕ್ಕೊಂಡು ಹೋಗ್ಲೇಬೇಡಿ. ಅಲ್ಲಿ ಹೋಗಿ ಬಿಚ್ಚಿಟ್ರಾಯ್ತು ಅನ್ನೋದೂ ಬೇಡ. ತಣ್ಣೀರಲ್ಲಿ ಇದ್ದಷ್ಟು ಹೊತ್ತೂ ರಕ್ತನಾಳ ಸಂಕುಚಿತ ಆಗಿ ಬೆರಳು ಸಣ್ಣ ಆಗತ್ತೆ, ಮೇಲಿಂದ ಸನ್‌ಸ್ಕ್ರೀನ್ ಜಿಡ್ಡು, ಸ್ಲೈಡಿನ ಕೊನೇಲಿ ನೀರಿನ ಹೊಡೆತ, ಇಷ್ಟೂ ಸೇರಿದ್ರೆ ಮನೇಲಿ ಸೋಪ್ ಹಾಕಿದ್ರೂ ಬರ್ದಿರೋ ಉಂಗುರ ಅಲ್ಲಿ ಗೊತ್ತೇ ಆಗ್ದಂಗೆ ಜಾರಿ ಹೋಗತ್ತೆ. ಕಳ್ಕೊಳ್ಳೋದು ಒಂದು ಕಡೆ ಆದ್ರೆ ಇನ್ನೊಂದು ಅದಕ್ಕಿಂತ ಕೆಟ್ಟದ್ದು, ಉಂಗುರ ಯಾವ್ದಾದ್ರೂ ಕಂಬಿಗೋ ಟ್ಯೂಬಿನ ಹಿಡಿಗೋ ಸಿಕ್ಕಾಕೊಂಡು ಮೈಭಾರ ಎಳೆದ್ರೆ ಬೆರಳಿನ ಚರ್ಮನೇ ಕಿತ್ತು ಬರೋಂಥ ಗಾಯ ಆಗ್ಬಹುದು, ಸರ ಸಿಕ್ಕಾಕೊಂಡ್ರೆ ಕತ್ತಿಗೇ ಅಪಾಯ. ಇನ್ನು ಕ್ಲೋರಿನ್: ಬೆಳ್ಳಿ ಕಪ್ಪಾಗತ್ತೆ, ಮುತ್ತಿನ ಹೊಳಪು ಹೋಗತ್ತೆ, ಚಿನ್ನಕ್ಕೆ ಏನೂ ಆಗಲ್ಲ ಅಂತಾರಲ್ಲ, ಶುದ್ಧ ಚಿನ್ನಕ್ಕೆ ಆ ನೀರಲ್ಲಿ ಏನೂ ಆಗಲ್ಲ ನಿಜ, ಆದ್ರೆ 18 ಕ್ಯಾರೆಟ್ ಅಂದ್ರೆ ಅದ್ರಲ್ಲಿ ಚಿನ್ನ ಇರೋದು 75 ಪರ್ಸೆಂಟ್ ಅಷ್ಟೇ, ಮಿಕ್ಕಿದ್ದು ತಾಮ್ರ, ಬೆಳ್ಳಿ, ಕೆಲವು ಸಲ ನಿಕ್ಕಲ್, ಕ್ಲೋರಿನ್ ಕೈ ಹಾಕೋದು ಅವುಕ್ಕೆ. ಮತ್ತೆ ಮತ್ತೆ ಅದೇ ನೀರಿಗೆ ಇಳಿದ್ರೆ ಕಲ್ಲು ಹಿಡ್ಕೊಂಡಿರೋ ಸಣ್ಣ ಸಣ್ಣ ಹಲ್ಲುಗಳು, ಬೆಸುಗೆ ಹಾಕಿರೋ ಜಾಗ ಬಲಹೀನ ಆಗ್ತಾ ಬರತ್ತೆ.

ಈಗ ಎಲ್ರಿಗೂ ಬೇಕಾಗಿರೋ ವಿಷ್ಯ, ಫೋನು.

ನನ್ ಫೋನ್ ವಾಟರ್‌ಪ್ರೂಫ್, ಐಪಿ68 ಇದೆ ಅಂತ ಧೈರ್ಯವಾಗಿ ಹೇಳೋರು ಪ್ರತೀ ಗುಂಪಲ್ಲೂ ಒಬ್ರು ಇರ್ತಾರೆ. ಆ ನಂಬರ್ ಏನ್ ಹೇಳತ್ತೆ ಅಂತ ಒಂದ್ಸಲ ಸರಿಯಾಗಿ ನೋಡೋಣ. ಮೊದಲ್ನೇ ಅಂಕೆ ಧೂಳಿಗೆ, ಎರಡ್ನೇದು ನೀರಿಗೆ. 7 ಅಂದ್ರೆ 1 ಮೀಟರ್ ಆಳದಲ್ಲಿ 30 ನಿಮಿಷ, 8 ಅಂದ್ರೆ ಅದಕ್ಕಿಂತ ಜಾಸ್ತಿ, ಎಷ್ಟು ಆಳ ಎಷ್ಟು ಹೊತ್ತು ಅನ್ನೋದನ್ನ ಆಯಾ ಕಂಪನಿನೇ ಹೇಳ್ಬೇಕು. ಈ ಪರೀಕ್ಷೆ ನಡೆಯೋದು ಲ್ಯಾಬಲ್ಲಿ, ಹೊಸ ಫೋನಲ್ಲಿ, ಅಲುಗಾಡದ ಸಿಹಿನೀರಲ್ಲಿ. ಪೈಪಿಂದ ರಭಸವಾಗಿ ಬಂದು ಹೊಡಿಯೋ ನೀರಿಗೆ ಬೇರೆನೇ ಅಂಕೆಗಳಿವೆ, 5 ಮತ್ತೆ 6, ಅಂದ್ರೆ 8 ಪಾಸಾಗಿದೆ ಅಂದ ಮಾತ್ರಕ್ಕೆ ಅವೂ ಪಾಸು ಅಂತ ಅಲ್ಲ. ವಾಟರ್ ಪಾರ್ಕಲ್ಲಿ ಇರೋದು ಕ್ಲೋರಿನ್ ನೀರು, ಸ್ಲೈಡ್ ಮುಗಿಯೋ ಕಡೆ ಧಡ್ ಅಂತ ಬೀಳೋ ಹೊಡೆತ, ತಲೆ ಮೇಲೆ ಬಕೆಟ್‌ಗಟ್ಲೆ ಸುರಿಯೋ ನೀರು. ಒಂದೆರಡು ಸಲ ಕೈಜಾರಿ ಬಿದ್ದಿರೋ, ಸ್ಕ್ರೀನ್ ಬದ್ಲಾಯಿಸಿರೋ ಫೋನಾದ್ರೆ ಒಳಗಿನ ಸೀಲ್ ಮೊದಲಿನ ಥರ ಇರೋದೂ ಇಲ್ಲ. ಜೊತೆಗೆ ವಾರಂಟಿ ಕಾಗದ ತೆಗೆದು ಓದಿ ನೋಡಿ, ನೀರಿಂದ ಆದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ, ಐಪಿ68 ಇದ್ರೂನೂ.

ಅದ್ಕೆ ನೀರು ಹೋಗದ ಪ್ಲಾಸ್ಟಿಕ್ ಪೌಚ್ ಇದ್ಯಲ್ಲಾ ಅಂದ್ರೆ, ಇದೆ, ಒಳ್ಳೇದೇ, ಆದ್ರೆ ಪ್ರತೀ ಸಲ ಹೊರಡೋ ಮುಂಚೆ ಮನೇಲೇ ಪರೀಕ್ಷೆ ಮಾಡಿ. ಒಳಗೆ ಒಂದು ಒಣ ಟಿಶ್ಯೂ ಪೇಪರ್ ಮಡಚಿಟ್ಟು, ಫೋನಿನಷ್ಟೇ ಭಾರ ಇರೋ ಏನಾದ್ರೂ ಹಾಕಿ, ಬಾಯಿ ಗಟ್ಟಿಯಾಗಿ ಮುಚ್ಚಿ ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಟಿಶ್ಯೂ ಅಂಚಲ್ಲಿ ಚೂರು ಒದ್ದೆ ಕಂಡ್ರೂ ಆ ಪೌಚ್ ಬಿಸಾಕಿ. ಬಾಯಿಗೆ ಮರಳಿನ ಕಣವೋ ಕೂದಲೋ ಸಿಕ್ಕಿದ್ರೂ ನೀರು ದಾರಿ ಮಾಡ್ಕೊಳ್ಳತ್ತೆ, ಹಾಗಾಗಿ ಮುಚ್ಚೋ ಮುಂಚೆ ಬೆರಳಾಡಿಸಿ ನೋಡಿ, ಒಳಗೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿದ್ರೆ ಎಷ್ಟೋ ಪೌಚ್‌ಗಳು ತೇಲ್ತವೆ, ಅದನ್ನೂ ಬಕೆಟಲ್ಲೇ ನೋಡ್ಕೊಳ್ಳಿ. ನೀರೊಳಗೆ ಟಚ್ ಸ್ಕ್ರೀನ್ ಸರಿಯಾಗಿ ಕೆಲ್ಸ ಮಾಡಲ್ಲ, ಫೋಟೋ ತೆಗಿಯೋದಿದ್ರೆ ಪಕ್ಕದ ವಾಲ್ಯೂಮ್ ಬಟನ್ನಿಂದ ತೆಗಿಯೋ ಹಾಗೆ ಮೊದ್ಲೇ ಸೆಟ್ ಮಾಡ್ಕೊಳ್ಳಿ. ಪೌಚ್ ಹಾಕ್ಕೊಂಡು ಆಳ ಇಲ್ಲದ ಕಡೆ ಮಕ್ಕಳ ಫೋಟೋ ತೆಗೀರಿ, ನಿಧಾನವಾಗಿ ಹರಿಯೋ ನೀರಲ್ಲಿ ಟ್ಯೂಬ್ ಮೇಲೆ ಕೂತು ತೆಗೀರಿ. ಆದ್ರೆ ಸ್ಲೈಡ್ ಮೇಲೆ ಬೇಡ, ಕತ್ತಲ್ಲಿ ನೇತಾಡೋ ದಾರ ಇಳಿಯೋ ರಭಸಕ್ಕೆ ಎಲ್ಲಾದ್ರೂ ಸಿಕ್ಕಿದ್ರೆ ಕತ್ತನ್ನೇ ಬಿಗೀತದೆ, ಕೈಲಿದ್ದ ಫೋನ್ ಜಾರಿದ್ರೆ ಹಿಂದಿಂದ ಇಳಿದು ಬರೋರ ಮುಖಕ್ಕೆ ಬಡಿಯತ್ತೆ. ಅಲ್ಲಿ ನಿಂತಿರೋ ಹುಡುಗ ಕೈಲಿ ಏನೂ ಇರ್ಬಾರ್ದು ಅಂದ್ರೆ ದಯವಿಟ್ಟು ವಾದ ಮಾಡ್ಬೇಡಿ, ಅವ್ನು ಸರಿಯಾಗೇ ಹೇಳ್ತಿದಾನೆ.

ನೀರಿನಷ್ಟೇ ಬಿಸಿಲೂ ಫೋನಿಗೆ ಆಗಲ್ಲ. ಐಫೋನ್ ಬಳಸೋಕೆ ಆಪಲ್ ಹೇಳೋ ಮಿತಿನೇ 35 ಡಿಗ್ರಿ, ನಿಲ್ಲಿಸಿದ ಕಾರೊಳಗೆ ಬಿಡ್ಬೇಡಿ ಅಂತಾನೂ ಅವ್ರೇ ಹೇಳ್ತಾರೆ. ಪಾರದರ್ಶಕ ಪೌಚೊಳಗೆ ಇಟ್ಟು ಬಿಸಿಲಿನ ಕುರ್ಚಿ ಮೇಲೆ ಬಿಟ್ರೆ ಒಳಗಿನ ಗಾಳಿಗೆ ಹೊರಗೆ ಹೋಗೋಕೂ ಜಾಗ ಇಲ್ಲ, ಲಿಥಿಯಂ ಬ್ಯಾಟರಿಗೆ ಅದು ಒಳ್ಳೇದಲ್ಲ. ಲಾಕರಲ್ಲಿ ಇಡೋದಾದ್ರೆ ಆಫ್ ಮಾಡಿ ಒಣ ಟವೆಲಲ್ಲಿ ಸುತ್ತಿಡಿ. ಮತ್ತೆ ಒಂದು ಮಾತು, ಬಟ್ಟೆ ಬದ್ಲಾಯಿಸೋ ರೂಮಲ್ಲಿ ಫೋನ್ ಕೈಯಲ್ಲಿ ಹಿಡಿದು ಓಡಾಡ್ಬೇಡಿ, ಮೆಸೇಜ್ ನೋಡೋಕೇ ಇರ್ಬಹುದು, ಆದ್ರೂ ಪಕ್ಕದಲ್ಲಿರೋರಿಗೆ ಅದು ಕ್ಯಾಮೆರಾನೇ.

ಹೊರಡೋ ಹಿಂದಿನ ರಾತ್ರಿ ಫೋನಲ್ಲಿ ಮಾಡೋ ಕೆಲ್ಸ ಒಂದೈದು ನಿಮಿಷದ್ದು. *#06# ಒತ್ತಿದ್ರೆ 15 ಅಂಕೆಯ ಐಎಂಇಐ ನಂಬರ್, ಅಂದ್ರೆ ಆ ಫೋನಿನ ಗುರುತಿನ ನಂಬರ್ ಬರತ್ತೆ, ಕಾಗದದ ಮೇಲೆ ಬರೆದು ಮನೇಲಿಡಿ, ಫೋನ್ ಕಳೆದ್ರೆ ದೂರು ಕೊಡೋಕೆ ಅದು ಬೇಕು, ಕಳೆದ ಫೋನೊಳಗೇ ಅದು ಇದ್ರೆ ಏನ್ ಉಪಯೋಗ. ಫೋನ್ ಹುಡುಕೋ ಸೌಲಭ್ಯ ಆನ್ ಇದ್ಯಾ ನೋಡಿ, ಫೋಟೋ ಬ್ಯಾಕಪ್ ಆಗಿದ್ಯಾ ನೋಡಿ. ಲಾಕ್ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿರೋದು ಕಾಣದ ಹಾಗೆ ಸೆಟ್ಟಿಂಗ್ ಬದ್ಲಾಯಿಸಿ, ಇದನ್ನ ತುಂಬಾ ಜನ ಮಾಡೋದೇ ಇಲ್ಲ, ಕಳ್ಳನಿಗೆ ನಿಮ್ಮ ಪಿನ್ ಗೊತ್ತಿಲ್ದಿದ್ರೂ ಓಟಿಪಿ ಮೇಲೇ ಕಾಣ್ತಿದ್ರೆ ಅವನಿಗೆ ಅಷ್ಟೇ ಸಾಕು. ಬ್ಯಾಂಕಿನ ಕಾರ್ಡ್ ಬ್ಲಾಕ್ ಮಾಡೋ ನಂಬರನ್ನೂ ಒಂದು ಚೀಟಿ ಮೇಲೆ ಬರೆದು ಪರ್ಸಲ್ಲಲ್ಲ, ಬೇರೆ ಕಡೆ ಇಡಿ.

ಪಾರ್ಕ್ ತಲುಪಿದ ಮೇಲೆ ಮೊದಲ ಕೆಲ್ಸ ಲಾಕರ್, ಯಾಕಂದ್ರೆ ತಡ ಆದಷ್ಟೂ ದೊಡ್ಡ ಲಾಕರ್ ಸಿಗಲ್ಲ. ತಗೊಳ್ಳೋ ಮುಂಚೆ ಒಂದು ಪ್ರಶ್ನೆ ಕೇಳ್ಲೇಬೇಕು, ದಿನದಲ್ಲಿ ಎಷ್ಟು ಸಲ ಬೇಕಾದ್ರೂ ತೆಗೆದು ಮುಚ್ಬಹುದಾ, ಇಲ್ಲಾ ಒಂದ್ಸಲ ತೆಗೆದ್ರೆ ಮತ್ತೆ ದುಡ್ಡು ಕಟ್ಬೇಕಾ ಅಂತ. ಎರಡ್ನೇ ಥರದ್ದಾದ್ರೆ ನಡುವೆ ಬೇಕಾಗೋ ನೀರಿನ ಬಾಟಲಿ, ಸನ್‌ಸ್ಕ್ರೀನ್, ಮಗುವಿನ ಬಟ್ಟೆ ಹೊರಗಿಟ್ಕೊಂಡು ಬೆಲೆಬಾಳೋದನ್ನ ಮಾತ್ರ ಒಳಗೆ ಹಾಕಿ. ನಂಬರ್ ಹಾಕೋ ಲಾಕರ್ ಆದ್ರೆ ಹುಟ್ಟಿದ ದಿನ, 1234 ಇಂಥವೆಲ್ಲಾ ಬೇಡ, ನಂಬರ್ ಒತ್ತೋವಾಗ ಇನ್ನೊಂದು ಕೈ ಅಡ್ಡ ಇಟ್ಕೊಳ್ಳಿ, ಆ ಕಡೆ ನಿಂತಿರೋ ಮನೆಯವರಿಗೆ ನಂಬರನ್ನ ಜೋರಾಗಿ ಕೂಗಿ ಹೇಳ್ಬೇಡಿ. ಮುಚ್ಚಿದ ಮೇಲೆ ಹಿಡಿ ಹಿಡಿದು ಒಂದ್ಸಲ ಜಗ್ಗಿ ನೋಡಿ, ತುಂಬಾ ತುಂಬಿದ ಲಾಕರಲ್ಲಿ ಟವೆಲ್ ಅಂಚು ಬಾಗಿಲಿಗೆ ಸಿಕ್ಕಿ ಬೀಗ ಸರಿಯಾಗಿ ಕೂತೇ ಇರಲ್ಲ, ನೋಡೋಕೆ ಮಾತ್ರ ಮುಚ್ಚಿದ ಹಾಗೇ ಕಾಣತ್ತೆ.

ಕೀ ಇರೋ ಲಾಕರ್ ಆದ್ರೆ ಕೈಗೋ ಕಾಲಿಗೋ ಕಟ್ಟೋ ಬ್ಯಾಂಡ್ ಕೊಡ್ತಾರೆ, ಬಿಗಿಯಾಗಿ ಕಟ್ಕೊಳ್ಳಿ, ಮಕ್ಕಳ ಕೈಗೆ ಕೊಡ್ಬೇಡಿ ಎಷ್ಟೇ ಹಠ ಮಾಡಿದ್ರೂ. ಆ ಬ್ಯಾಂಡ್ ಮೇಲೆ ಲಾಕರ್ ನಂಬರ್ ಬರೆದಿದ್ರೆ ಬಿದ್ದ ಕೀ ಸಿಕ್ಕಿದವರಿಗೆ ಯಾವ ಬಾಗಿಲು ಅಂತಾನೂ ಗೊತ್ತಾಗತ್ತೆ, ಹಾಗಾಗಿ ಕೀ ಬಿತ್ತು ಅಂತ ಗೊತ್ತಾದ ತಕ್ಷಣ ಹುಡುಕ್ತಾ ಕೂರದೆ ಸೀದಾ ಕೌಂಟರ್‌ಗೆ ಓಡಿ, ಹುಡುಕೋದು ಆಮೇಲೆ. ಲಾಕರೊಳಗೂ ಎಲ್ಲಾ ಒಂದೇ ಪರ್ಸಲ್ಲಿ ಇಡೋದಕ್ಕಿಂತ ಫೋನ್ ಒಂದು ಬಟ್ಟೇಲಿ, ಕಾರ್ಡ್ ಇನ್ನೊಂದರಲ್ಲಿ, ಕಾರ್ ಕೀ ಬೇರೆ ಕಡೆ, ಹಿಂದಿನ ಮೂಲೇಲಿ ಇಟ್ಟು ಮುಂದೆ ಒಣ ಬಟ್ಟೆ ಇಡಿ, ನೀವೇ ಬಾಗಿಲು ತೆಗೆದಾಗ್ಲೂ ಪಕ್ಕದಲ್ಲಿರೋರ ಕಣ್ಣಿಗೆ ಏನೂ ಬೀಳ್ಬಾರ್ದು.

ಲಾಕರ್‌ಗೆ ಹೋಗ್ಬಾರ್ದಿರೋದು ಒಂದೇ, ತುರ್ತಾಗಿ ಬೇಕಾಗೋ ಔಷಧಿ. ಉಬ್ಬಸ ಇರೋರ ಇನ್‌ಹೇಲರ್, ಅಲರ್ಜಿಗೆ ಇಟ್ಕೊಂಡಿರೋ ಇಂಜೆಕ್ಷನ್ ಇವು ಪೂಲ್ ಹತ್ರನೇ, ನೆರಳಲ್ಲಿ, ಗೊತ್ತಿರೋರ ಕೈಲಿ ಇರ್ಬೇಕು. ಇನ್ಸುಲಿನ್ ಬಿಸಿಗೆ ಕೆಡತ್ತೆ, ತಂಪು ಚೀಲದಲ್ಲಿಡಿ. ಕಿವಿಯ ಶ್ರವಣ ಸಾಧನ ಹಾಕೋರು ಅದ್ರ ಗಟ್ಟಿ ಡಬ್ಬಿ ಮರೀದೆ ತರ್ಲಿ, ಟಿಶ್ಯೂನಲ್ಲಿ ಸುತ್ತಿ ಇಟ್ಟಿದ್ದನ್ನ ಯಾರೋ ಕಸ ಅಂತ ಎಸೆದುಬಿಡ್ತಾರೆ.

ಲಾಕರ್ ಯಾಕೆ, ಕುರ್ಚಿ ಮೇಲಿಟ್ಟು ಟವೆಲ್ ಮುಚ್ಚಿದ್ರೆ ಆಯ್ತಲ್ಲ ಅನ್ನೋದು ತುಂಬಾ ಕೇಳಿದೀನಿ, ಶೂ ಒಳಗೆ ತುರುಕೋದು, ಬೇಬಿ ಡಯಾಪರ್ ಚೀಲದಲ್ಲಿ ಬಚ್ಚಿಡೋದು ಕೂಡ. ನಮಗೆ ಹೊಳೆಯೋ ಜಾಗ ಕದಿಯೋನಿಗೂ ಹೊಳೆಯತ್ತೆ. ನಮ್ಮ ಗುಂಪಲ್ಲಿ ನಾವು ಪಾಳಿ ಹಾಕ್ಕೋತೀವಿ, ಒಬ್ಬರಾದ್ಮೇಲೆ ಒಬ್ರು ಸ್ವಲ್ಪ ಸ್ವಲ್ಪ ಹೊತ್ತು ನೆರಳಲ್ಲಿ ಒಣಗಿ ಕೂತಿರ್ಬೇಕು, ಔಷಧಿ, ನೀರು, ಒಂದು ಫೋನ್ ಅವ್ರ ಹತ್ರ. ಜೊತೇಲಿ ಹಿರಿಯರು ಬಂದಿದ್ರೆ ಅವರನ್ನೇ ಬೆಳಗ್ಗಿಂದ ಸಂಜೆವರೆಗೂ ಬ್ಯಾಗ್ ಕಾಯೋಕೆ ಕೂರಿಸೋದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ, ಅವ್ರೂ ಟಿಕೆಟ್ ತಗೊಂಡೇ ಬಂದಿರ್ತಾರೆ, ಅಲೆ ಬರೋ ಪೂಲಿನ ಅಂಚಲ್ಲಿ ಕಾಲು ನೆನೆಸ್ಕೊಂಡು ಕೂರೋಕೆ ಅವರಿಗೂ ಆಸೆ ಇರತ್ತೆ, ಅವರನ್ನೂ ಪಾಳಿಗೆ ಸೇರಿಸ್ಕೊಳ್ಳಿ, ಆದ್ರೆ ಪಾಳಿ ಅಂದ್ರೆ ಪಾಳಿ.

ಫೋನೆಲ್ಲಾ ಲಾಕರ್ ಸೇರಿದ ಮೇಲೆ ಯಾರೂ ಯಾರಿಗೂ ಕಾಲ್ ಮಾಡಕ್ಕಾಗಲ್ಲ, ಅದು ಮಧ್ಯಾಹ್ನ ಗುಂಪು ಚದುರಿದಾಗ್ಲೇ ಗೊತ್ತಾಗೋದು. ಹಾಗಾಗಿ ಒಳಗೆ ಹೋದ ತಕ್ಷಣ ಎತ್ತರದ್ದು, ದೂರದಿಂದ ಕಾಣೋದು ಒಂದು ಜಾಗ ಗುರುತು ಮಾಡಿ, ಎಷ್ಟು ಗಂಟೆಗೆ ಎಲ್ರೂ ಅಲ್ಲಿ ಸೇರ್ಬೇಕು ಅಂತ ಮಾತಾಡ್ಕೊಳ್ಳಿ. ಟೈಮ್ ನೋಡೋಕೆ ಒಬ್ರ ಕೈಲಾದ್ರೂ ಹಳೇ ವಾಚ್ ಇರ್ಲಿ, 30 ಮೀಟರ್ ಅಂತ ಬರೆದಿದ್ರೆ ಅದು ಮಳೆ ಹನಿ, ಕೈತೊಳೆಯೋ ನೀರಿಗಷ್ಟೇ, 30 ಮೀಟರ್ ಆಳಕ್ಕಲ್ಲ, ನೀರಾಟಕ್ಕೆ 100 ಮೀಟರಿಂದಾದ್ರೆ ಚಿಂತೆ ಇಲ್ಲ. ಮಕ್ಕಳ ತೋಳಿನ ಮೇಲೆ ಅಳಿಸಿ ಹೋಗದ ಮಾರ್ಕರಲ್ಲಿ ಫೋನ್ ನಂಬರ್ ಬರೀತೀವಲ್ಲ, ಅಲ್ಲಿ ಬರೀಬೇಕಾಗಿರೋದು ಹೊರಗೆ ಇಟ್ಕೊಂಡಿರೋ ಆ ಒಂದು ಫೋನಿನ ನಂಬರ್, ಲಾಕರಲ್ಲಿ ಆಫ್ ಆಗಿರೋ ಅಪ್ಪನದೋ ಅಮ್ಮನದೋ ಬರೆದ್ರೆ ಮಗು ಸಿಕ್ಕಿದವ್ರು ಯಾರಿಗೆ ಅಂತ ಕಾಲ್ ಮಾಡ್ಬೇಕು ಹೇಳಿ. ಮಗುಗೆ ಕಿತ್ತಳೆ, ಕಣ್ಣು ಕುಕ್ಕೋ ಗುಲಾಬಿ ಬಣ್ಣದ ಈಜುಡುಗೆ ಹಾಕಿ, ನೀಲಿ, ಬಿಳಿ ನೀರೊಳಗೆ ಕಾಣೋದೇ ಇಲ್ಲ. ಗಾಳಿ ತುಂಬೋ ತೋಳುಪಟ್ಟಿ ಆಟದ ಸಾಮಾನು, ಸರಿಯಾದ ಅಳತೆಯ ಲೈಫ್ ಜಾಕೆಟ್ ಹಾಕ್ಸಿ, ಹಾಕಿದ್ರೂ ಕೈಗೆಟುಕೋ ದೂರದಲ್ಲೇ ಇರಿ. ಮುಳುಗೋ ಮಗು ಸಾಮಾನ್ಯವಾಗಿ ಕೂಗೋದಿಲ್ಲ, ಕೂಗೋಕೆ ಅದಕ್ಕೆ ಉಸಿರೇ ಇರಲ್ಲ.

ಬಟ್ಟೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಇರ್ಲಿ, ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗತ್ತೆ, ಮೈಗೆ ಅಂಟತ್ತೆ, ಬೇಗ ಒಣಗಲ್ಲ. ಲೋಹದ ಜಿಪ್, ಬಟನ್, ರಿವೆಟ್ ಇರೋ ಶಾರ್ಟ್ಸ್ ಹಾಕಿದ್ರೆ ಫೈಬರ್‌ಗ್ಲಾಸ್ ಸ್ಲೈಡ್ ಗೀಚಿ ಹೋಗತ್ತೆ ಅಂತ ಎಷ್ಟೋ ಕಡೆ ಬಿಡೋದೇ ಇಲ್ಲ, ಕ್ಯೂನಲ್ಲಿ ಅಷ್ಟು ಹೊತ್ತು ನಿಂತು ಮೇಲೆ ಹೋಗಿ ವಾಪಸ್ ಬರೋದು ಯಾಕೆ. ಉದ್ದ ಕೂದಲಿದ್ರೆ ಗಟ್ಟಿಯಾಗಿ ಕಟ್ಟಿ. ಮುಟ್ಟಾಗಿರೋರು ಪ್ಯಾಡ್ ನಂಬ್ಕೊಂಡು ಇಳಿಯೋಕಾಗಲ್ಲ, ಅದು ಪೂಲಿನ ನೀರನ್ನೇ ಹೀರ್ಕೊಳ್ಳತ್ತೆ, ಟ್ಯಾಂಪನ್ನೋ ಮುಟ್ಟಿನ ಕಪ್ಪೋ ಬೇಕು, ಹೆಚ್ಚಿಗೆ ಒಂದೆರಡು ಇಟ್ಕೊಂಡಿರಿ, ಪಕ್ಕದಲ್ಲಿ ಇನ್ಯಾರಿಗಾದ್ರೂ ಬೇಕಾಗ್ಬಹುದು. ಚಿಕ್ಕ ಮಕ್ಕಳಿಗೆ ಮಾಮೂಲಿ ಡಯಾಪರ್ ಬೇಡ, ನೀರು ಕುಡಿದು ಊದ್ಕೊಳ್ಳತ್ತೆ, ಈಜೋಕೆ ಅಂತಲೇ ಬರೋದು ಹಾಕಿ, ಅದೂ ಭೇದಿನ ತಡೆಯಲ್ಲ. ಯಾರಿಗೇ ಹೊಟ್ಟೆ ಕೆಟ್ಟಿದ್ರೂ ಅವತ್ತು ನೀರಿಗಿಳಿಸ್ಬೇಡಿ, ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿರೋ ನೀರಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕತ್ತೆ, ಒಂದು ಮಗುವಿಂದ ಪೂಲಲ್ಲಿರೋ ಎಷ್ಟೋ ಜನಕ್ಕೆ ಹರಡ್ಬಹುದು.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಇದ್ರೆ ಚರ್ಮ ಸುಡೋ ಯುವಿಬಿ ಕಿರಣದ ಸುಮಾರು 97 ಪರ್ಸೆಂಟ್, 50 ಇದ್ರೆ 98 ಪರ್ಸೆಂಟ್ ತಡೆಯತ್ತೆ, ಅಂದ್ರೆ ನಂಬರ್ ಎಷ್ಟು ಅನ್ನೋದಕ್ಕಿಂತ ಮತ್ತೆ ಮತ್ತೆ ಹಚ್ತೀವಾ ಅನ್ನೋದೇ ಮುಖ್ಯ. ನೀರಿಗಿಳಿಯೋ 15–20 ನಿಮಿಷ ಮುಂಚೆ ಹಚ್ಚಿ, 2 ಗಂಟೆಗೊಂದ್ಸಲ ಮತ್ತೆ, ಟವೆಲಲ್ಲಿ ಒರೆಸ್ಕೊಂಡ ಮೇಲೂ ಮತ್ತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ನೀರಿಗಿಳಿಯೋದು ಬೇಡವೇ ಬೇಡ, ನೀರಲ್ಲಿರೋ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಲೆನ್ಸ್ ಕೆಳಗೆ ಸೇರ್ಕೊಂಡ್ರೆ ದೃಷ್ಟಿಗೇ ಕುತ್ತು. ಪವರ್ ಇರೋ ಈಜು ಗಾಗಲ್ಸ್ ಸಿಗತ್ತೆ, ಇಲ್ಲಾಂದ್ರೆ ಕನ್ನಡಕಕ್ಕೆ ಹಿಂದಿಂದ ಪಟ್ಟಿ ಕಟ್ಕೊಳ್ಳಿ. ತಿಂಡಿ ಒಳಗೆ ಬಿಡ್ತಾರಾ ಇಲ್ವಾ ಅನ್ನೋದು ಪಾರ್ಕಿಂದ ಪಾರ್ಕಿಗೆ ಬೇರೆ, ಫೋನ್ ಮಾಡಿ ಕೇಳಿ. ಖಾಲಿ ನೀರಿನ ಬಾಟಲಿ ಮಾತ್ರ ಇರ್ಲಿ, ದಿನವಿಡೀ ನೀರಲ್ಲೇ ಇದ್ರೂ ಮೈ ಬೆವರ್ತಿರತ್ತೆ, ಬಾಯಾರಿಕೆ ಆಗ್ತಿರೋದು ಗೊತ್ತಾಗಲ್ಲ.

ಏನಾದ್ರೂ ಪೂಲಲ್ಲಿ ಬಿತ್ತು ಅಂದ್ರೆ ಮುಳುಗಿ ಹುಡುಕೋಕೆ, ಅದ್ರಲ್ಲೂ ನೀರು ಹೀರೋ ಜಾಲರಿ ಹತ್ರ ಹೋಗ್ಬೇಡಿ, ಜೀವರಕ್ಷಕರಿಗೆ ಹೇಳಿ, ಎಲ್ಲಿ ಯಾವಾಗ ಬಿತ್ತು ಅಂತ ಬರೆಸಿ ಬನ್ನಿ, ಪೂಲ್ ಸ್ವಚ್ಛ ಮಾಡೋವಾಗ ಸಿಗೋದೂ ಉಂಟು. ಫೋನೋ ಕಾರ್ಡೋ ಕಾಣ್ತಿಲ್ಲ ಅಂದ್ರೆ ಸಂಜೆವರೆಗೆ ಕಾಯೋದು ಬೇಡ, ಜೊತೆಯವರ ಫೋನಿಂದ ನಿಮ್ಮದನ್ನ ಲಾಕ್ ಮಾಡಿ, ಸಿಮ್ ಬ್ಲಾಕ್, ಕಾರ್ಡ್ ಬ್ಲಾಕ್, ಆಮೇಲೆ ಐಎಂಇಐ ಇಟ್ಕೊಂಡು ಪೊಲೀಸ್ ದೂರು. ಫೋನ್ ನೀರಲ್ಲಿ ಬಿದ್ದು ಸಿಕ್ಕಿದ್ರೆ ಆಫ್ ಮಾಡಿ, ಚಾರ್ಜ್ ಮಾಡೋ ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿ ಆಡೋ ಕಡೆ ಇಡಿ, ಒಣಗೋವರೆಗೂ ಚಾರ್ಜರ್ ಹಾಕ್ಲೇಬೇಡಿ. ಅಕ್ಕಿ ಡಬ್ಬಕ್ಕೆ ಹಾಕೋದೂ ಬೇಡ, ಅಕ್ಕಿಯ ಸಣ್ಣ ಕಣ ಒಳಗೆ ಹೋಗಿ ಹಾಳಾಗ್ಬಹುದು ಅಂತ ಆಪಲ್ಲೇ ಹೇಳಿದೆ.

ಹೊರಡೋವಾಗ ಲಾಕರ್ ಖಾಲಿ ಮಾಡೋದು ಮುಚ್ಚೋ ಟೈಮಿಗೆ ಸ್ವಲ್ಪ ಮುಂಚೆನೇ ಮಾಡಿ, ಕೊನೆಗೆ ಎಲ್ರೂ ಒಟ್ಟಿಗೆ ನುಗ್ತಾರೆ, ಆ ಗದ್ದಲದಲ್ಲೇ ಬೆಂಚ್ ಮೇಲೆ ಇಟ್ಟಿದ್ದು ಮರೆತು ಹೋಗೋದು. ಕಣ್ಣಲ್ಲಿ ನೋಡಿದ್ರೆ ಸಾಲದು, ಹಿಂದಿನ ಮೂಲೆವರೆಗೂ ಕೈ ಹಾಕಿ ತಡಕಿ ನೋಡಿ, ಡೆಪಾಸಿಟ್ ಇದ್ರೆ ಕೀ ಕೊಟ್ಟು ವಾಪಸ್ ತಗೊಳ್ಳಿ. ಒದ್ದೆ ಬಟ್ಟೆಗೆ ಬೇರೆ ಕವರ್, ಫೋನ್ ಇರೋ ಚೀಲದಲ್ಲಿ ಅದನ್ನ ತುರುಕ್ಬೇಡಿ. ಮನೆಗ್ ಬಂದ್ಮೇಲೆ ಈಜುಡುಗೆ, ಪೌಚು ಎರಡನ್ನೂ ಬರೀ ನೀರಲ್ಲಿ ಜಾಲಿಸಿ, ಪೌಚಿನ ಬಾಯಿ ತೆರೆದು ನೆರಳಲ್ಲಿ ಒಣಗೋಕೆ ಹಾಕಿ.